ಕೆಂಪಕ್ಷರದ ವಿಶ್ರಾಂತಿ

ಎಕ್ಸ್-ರೇ ಕೋಣೆಯ ಹೊರಗಿನ ಬೆಂಚಿನಲ್ಲಿ ನನ್ನ ಮಂಡಿ ನೀವಿಕೊಳ್ಳುತ್ತ ಕೂತಿದ್ದೆ. ಪಕ್ಕದಲ್ಲಿ ಯಾರೋ ಅಕ್ಕ ತಂಗಿ ರಿಪೋರ್ಟಿಗೆ ಕಾಯುತ್ತಿದ್ದರು. ತಂಗಿ ಫುಟ್‌ಬಾಲ್ ತಂಡದ ಎರಡನೇ ಗೋಲ್‌ಕೀಪರ್ ಎಂಬುದು ಮಾತಿನಿಂದಲೇ ಗೊತ್ತಾಯಿತು. ಅವಳ ಹೆಬ್ಬೆರಳು ಊದಿತ್ತು. ಮುಖ ಅದಕ್ಕಿಂತ ಹೆಚ್ಚು ಊದಿತ್ತು.

"ನಮ್ಮ ಮೊದಲನೇ ಗೋಲ್‌ಕೀಪರ್ ಮಹಾರಾಣಿಗೆ ನಿನ್ನೆಯೂ ವಿಶ್ರಾಂತಿ, ಅಕ್ಕಾ. ಕೋಚು ಪಟ್ಟೀಲಿ ಅವಳ ಹೆಸರಿನ ಮುಂದೆ ಕೆಂಪಕ್ಷರದಲ್ಲಿ ಬರೆದು ಅಂಟಿಸಿದ್ರು."

"ಅವಳು ಕೂತ್ರೆ ತಾನೇ ನಿನಗೆ ಆಡೋಕೆ ಸಿಗೋದು?"

"ಸಿಗುತ್ತೆ, ಯಾರೂ ನೋಡೋಕೆ ಬರದಂಥ ಮ್ಯಾಚು. ಕೆಸರಲ್ಲಿ ಹೊರಳಾಡೋಕೆ ನಾನು, ಕಪ್ ಎತ್ತೋಕೆ ಅವಳು."

"ಹೊಟ್ಟೆಕಿಚ್ಚು ನಿನಗೆ."

"ಹೌದು, ಹೊಟ್ಟೆಕಿಚ್ಚೇ. ನಾನು ಆಡದಿದ್ರೆ 'ಬೆಂಚು' ಅಂತ ಬರೀತಾರೆ, ಅವಳು ಆಡದಿದ್ರೆ 'ವಿಶ್ರಾಂತಿ' ಅಂತೆ. ಕೂರೋದು ಇಬ್ರೂ ಒಂದೇ ಹಲಗೆ ಮೇಲೆ!"

"ನಿನ್ನೆ ಎರಡು ಪೆನಾಲ್ಟಿ ಹಿಡಿದೆಯಲ್ಲ, ಕೋಚು ಏನೂ ಅನ್ಲಿಲ್ವಾ?"

"ಬೆನ್ನು ತಟ್ಟಿದ್ರು. ಬೆಳಿಗ್ಗೆ ಹೊಸ ಪಟ್ಟಿ ಹಾಕಿದ್ರು. ಈ ಸಲ ನನ್ನ ಹೆಸರಿಗೂ ಕೆಂಪಕ್ಷರದಲ್ಲಿ 'ವಿಶ್ರಾಂತಿ' ಅಂತ ಬರೆದಿದ್ದಾರೆ."

"ಅಯ್ಯೋ ಹುಚ್ಚೀ! ಮತ್ಯಾಕೆ ಮೂತಿ ಉಬ್ಬಿಸ್ಕೊಂಡಿದೀಯ? ಇಷ್ಟು ದಿನ ಅದಕ್ಕೇ ತಾನೇ ಬಾಯಿ ಬಡ್ಕೊಳ್ತಿದ್ದಿದ್ದು?"

"ಅಕ್ಕಾ, ಆ ಪಟ್ಟಿ ಭಾನುವಾರದ್ದು. ಅವತ್ತು ಫೈನಲ್ಲು."

ಅಷ್ಟರಲ್ಲಿ ನರ್ಸ್ ಲಕೋಟೆ ಹಿಡಿದು ಹೊರಗೆ ಬಂದರು.

"ಮೂಳೆಗೇನೂ ಆಗಿಲ್ಲಮ್ಮಾ. ಭಾನುವಾರ ಮ್ಯಾಚಿದೆ ಅಂದ್ರಲ್ಲ, ಧಾರಾಳವಾಗಿ ಆಡಬಹುದು."

ತಂಗಿ ಲಕೋಟೆ ಮುಟ್ಟಲಿಲ್ಲ. ಅಕ್ಕನೇ ಅದನ್ನು ಇಸಕೊಂಡು, ಅವಳ ಭುಜ ಹಿಡಿದು ಮೆಟ್ಟಿಲಿಳಿಸಿಕೊಂಡು ಹೋದಳು.