ಚಾರ್ಟ್ ಹಿಡಿದ ಕೈ

ಎಂಬತ್ತನಾಲ್ಕನೇ ಇಸವಿ, ಜಯನಗರದ ಬಸ್ ಸ್ಟ್ಯಾಂಡು. ನನ್ನ ಮುಂದೆ ನಿಂತಿದ್ದ ಇಬ್ಬರ ಅಂಗಿಯ ಮೇಲೂ ಒಂದೇ ಲ್ಯಾಬಿನ ಬ್ಯಾಡ್ಜು. ಹಿರಿಯರು ಕೇಳಿದರು:

"ಚಲುವರಾಜು, ಹೆಂಡ್ತಿ ತಿಥಿಗೆ ಫೋಟೋ ಸಿಕ್ತಾ?"

"ಮದುವೆ ಫೋಟೋ ಒಂದೇ ಇರೋದು, ಯಲ್ಲಯ್ಯನವರೇ. ಅದ್ರಲ್ಲಿ ತಲೆ ತಗ್ಗಿಸಿದ್ದಾಳೆ."

"ಆಯುಧಪೂಜೆ ದಿನ ಲ್ಯಾಬಿಗೆ ಬಂದಿದ್ಲಲ್ಲ? ಲೆನ್ಸ್ ಟೆಸ್ಟಿನ ಗೆರೆ ಚಾರ್ಟ್ ಅವಳ ಕೈಗೇ ಕೊಟ್ಟು ನೀನೇ ವಿಡಿಯೋ ತೆಗೆದಿದ್ದೆ."

"ಇವತ್ತು ಹಾಕಿ ನೋಡ್ದೆ. ಹೈಸ್ಪೀಡ್ ಕ್ಯಾಮೆರಾಗೆ ಬೆಳಕು ಸಾಲಲ್ಲ ಅಂತ ಲೆನ್ಸ್ ಪೂರ್ತಿ ತೆರೆದಿದ್ದೆ. ಅದಕ್ಕೇ ಫೋಕಸ್ಸು ಚಾರ್ಟಿಗೆ ಮಾತ್ರ ನಿಂತಿದೆ."

"ಮುಖ?"

"ಹಿಂದುಗಡೆ ಮಸುಕು ಮಸುಕು. ನಗ್ತಿದ್ದಾಳೆ ಅನ್ಸತ್ತೆ. ಬೆರಳು, ಬಳೆ ಚೆನ್ನಾಗಿ ಕಾಣತ್ತೆ."

ಕೋಣನಕುಂಟೆ ಬಸ್ಸು ಬಂತು. ಹತ್ತುತ್ತಾ ಯಲ್ಲಯ್ಯ ಕೇಳಿದರು:

"ಆವತ್ತು ನೋಡ್ಲೇ ಇಲ್ವೇನೋ?"

"ನೋಡಿದ್ದೆ, ಚಾರ್ಟನ್ನ. ಸಾಹೇಬ್ರಿಗೆ 'ಚಿತ್ರ ಸಖತ್ ಕ್ಲಿಯರ್ ಸಾರ್, ಒಂದು ದೋಷಾನೂ ಇಲ್ಲ' ಅಂದಿದ್ದೆ."