ಬೆಳ್ಳಗಾಗದ ಎಲೆ

ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಯಾರೋ ಒಬ್ಬ ಅತ್ತಿಗೆ, ಅವಳ ನಾದಿನಿ ಕೂತಿದ್ದರು. ನಾದಿನಿ ಗಿಡಗಳ ಲ್ಯಾಬಿನವಳು. ಅಲ್ಲಿನ ಜೊತೆಯವಳು ಫೋನಿಗೆ ಕಳಿಸಿದ ಫೋಟೊ ತೋರಿಸುತ್ತಿದ್ದಳು.

"ನೋಡಿ ಅತ್ತಿಗೆ, ತಟ್ಟೇಲಿರೋ ಎಲೆಚೂರೆಲ್ಲ ಹಸಿರಾಗೇ ಇದೆ."

"ಒಳ್ಳೇದೇ ಅಲ್ವಾ? ಮುಖ ಯಾಕೆ ಬಾಡಿದೆ?"

"ಎಲೆಯೊಳಗಿನ ಹಸಿರು ಕಣಕ್ಕೆ ನಾವು ಹೊಸ ಜೀನ್ ಸೇರಿಸ್ತೀವಿ. ಸೇರಿದ ಕಡೆ ಮಾತ್ರ ಹಸಿರು ಉಳಿಯುತ್ತೆ. ಮಿಕ್ಕಿದ್ದೆಲ್ಲ ತಟ್ಟೆಗೆ ಹಾಕೋ ಔಷಧಿಗೆ ಬೆಳ್ಳಗಾಗ್ಬೇಕು."

"ಎಲ್ಲದಕ್ಕೂ ಸೇರ್ಕೊಂಡಿರಬಹುದು."

"ನೂರಕ್ಕೊಂದು ಸೇರಿದ್ರೆ ಪುಣ್ಯ. ನಾನು ಔಷಧಿ ಹಾಕೋದೇ ಮರೆತಿದೀನಿ ಅನ್ಸುತ್ತೆ."

"ಅಷ್ಟು ಮೈಮರೆಯೋಳಲ್ಲ ನೀನು."

"ಹಾಕ್ಬೇಕು ಅನ್ನೋವಾಗ್ಲೇ ನಿಮ್ಮ ಫೋನ್ ಬಂತು, ಮಗೂಗೆ ಜ್ವರ ಅಂತ. ಎಲ್ಲಾ ಬಿಟ್ಟು ಓಡಿಬಂದೆ."

ಅತ್ತಿಗೆ ತನ್ನ ಫೋನನ್ನು ಚೀಲದೊಳಗೆ ಇಟ್ಟಳು.

"ನಿಮ್ಮ ಸಾರ್‌ಗೆ ಗೊತ್ತಾ?"

"ಇನ್ನೂ ಇಲ್ಲ. ಹೋದ ಸಲದ್ದೂ ಕೆಟ್ಟಿತ್ತು. ಇದೂ ಕೆಟ್ರೆ ಈ ಕೆಲಸ ಬೇರೆಯವರಿಗೆ ಕೊಡ್ತೀನಿ ಅಂದಿದ್ದಾರೆ."

ಬಸ್ಸು ನಿಂತಿತು.

"ನಡಿ, ಲ್ಯಾಬಿಗೆ ನಾನೂ ಬರ್ತೀನಿ. ಅಕ್ಕೀಲಿ ಕಲ್ಲು ಹುಡುಕಿದ ಕಣ್ಣು ನಂದು. ಒಂದಾದ್ರೂ ಬಿಳೀದು ಸಿಗುತ್ತೆ, ಸಿಕ್ರೆ ನೀನು ಔಷಧಿ ಹಾಕಿದೀಯ ಅಂತ ತಾನೆ."

"ಹೊರಗಿನವರನ್ನ ಒಳಗೆ ಬಿಡಲ್ಲ ಅತ್ತಿಗೆ."

"ಗೇಟಲ್ಲೇ ನಿಂತಿರ್ತೀನಿ," ಎಂದಳು ಅತ್ತಿಗೆ, ಇಳಿಯುತ್ತಾ. "ಫೋನ್ ಮಾತ್ರ ಮಾಡಲ್ಲ."