ಕನ್ನಡಿಯೊಳಗಿನ ಐದು ಐವತ್ತು

ನಾನು ಏಕಮುಖ ರಸ್ತೆಯ ಮೂಲೆಯ ಕ್ಷೌರದಂಗಡಿಯವರ ಕಿರಿಯ ಮಗ, ವಯಸ್ಸು ಇಪ್ಪತ್ತೆರಡು, ಕಸುಬು ಅಪ್ಪನದೇ, ವಾಸ ಅಂಗಡಿಯ ಮೇಲಿನ ಮಹಡಿ. ಮೇಲ್ಮನವಿ ನ್ಯಾಯಾಲಯದ ಆದೇಶದ ಮೇರೆಗೆ ಅಂಗಡಿ ಪರಿಶೀಲಿಸಲು ಬಂದ ಸಬ್‌ಇನ್‌ಸ್ಪೆಕ್ಟರ್ ಸಾಹೇಬರ ಮುಂದೆ, ಗಂಭೀರ ಮುಖದಿಂದ, ಈ ಮೂಲಕ ತಿಳಿಸುವುದೇನೆಂದರೆ:

ಹದಿನಾಲ್ಕು ತಿಂಗಳ ಹಿಂದೆ, ಮಂಗಳವಾರ ಸಂಜೆ 6 ಗಂಟೆ 10 ನಿಮಿಷಕ್ಕೆ, ನಮ್ಮ ಬಾಗಿಲಿನಿಂದ 23 ಅಡಿ ದೂರದಲ್ಲಿ ಒಂದು ಕಾರು ನನ್ನ ಅಕ್ಕನ ಸ್ಕೂಟರಿಗೆ ಗುದ್ದಿತು. ಅಕ್ಕ ಬೇಕರಿಯ ಬ್ರೆಡ್ಡನ್ನು ಮನೆಮನೆಗೆ ಮುಟ್ಟಿಸುವವಳು. ಬಾಗಿಲಲ್ಲಿ ರಸ್ತೆಗೆ ಮುಖ ಮಾಡಿ ನಿಂತರೆ ವಾಹನಗಳು ಬಲದಿಂದ ಎಡಕ್ಕೆ ಮಾತ್ರ ಹೋಗತಕ್ಕದ್ದು. ಅಕ್ಕ ಹಾಗೆಯೇ ಬಂದಳು. ಕಾರು ಎಡದಿಂದ ನುಗ್ಗಿತು. ಅವಳ ಬಲಗಾಲು ಮೂರು ಕಡೆ ಮುರಿಯಿತು. ನಾನು ಅವಳ ತಲೆ ಹಿಡಿದು ಕೂತಿದ್ದಾಗ ಕಾರಿನವರು ಕಾರನ್ನು ತಿರುಗಿಸಿ, ಹುಟ್ಟಾ ಸಭ್ಯರ ಹಾಗೆ, ಸರಿಯಾದ ದಿಕ್ಕಿಗೆ ನಿಲ್ಲಿಸಿಕೊಂಡರು.

ಆ ಹೊತ್ತಿಗೆ ನಮ್ಮ ಕುರ್ಚಿಯಲ್ಲಿ, ಬಾಗಿಲಿನಿಂದ 11 ಅಡಿ ಒಳಗೆ, ಒಬ್ಬ ನಿವೃತ್ತ ಹೆಡ್‌ಮಾಸ್ತರು ಮುಖದ ತುಂಬ ನೊರೆ ಹೊತ್ತು ಕೂತಿದ್ದರು. ಅಂಗಡಿಗೆ ಅವರು ಬಂದದ್ದು ಅದೇ ಮೊದಲು. ಅಪ್ಪನ ಕತ್ತಿ ಅವರ ಗಂಟಲ ಮೇಲಿತ್ತು. ಆ ಕ್ಷಣ ಕತ್ತು ತಿರುಗಿಸಿದ್ದರೆ ಮುಂದೆ ಸಾಕ್ಷಿ ಹೇಳಲು ಅವರೇ ಇರುತ್ತಿರಲಿಲ್ಲ.

ಕೆಳಗಿನ ನ್ಯಾಯಾಲಯದಲ್ಲಿ ಅವರು, ಸ್ಕೂಟರು ಎಡದಿಂದ ಬಂತು, ಕಣ್ಣಾರೆ ಕಂಡೆ, ಗಡಿಯಾರವನ್ನೂ ನೋಡಿದೆ, ಕರಾರುವಾಕ್ಕಾಗಿ ಐದು ಐವತ್ತು ಎಂದರು. ಅವರ ಮಾತನ್ನು ಕಾರಿನ ಕಡೆಯ ವಕೀಲರು ಕಟಕಟೆಯಲ್ಲಿ ನಿಂತ ನನಗೆ ಓದಿ ಹೇಳುವಾಗ ‘ಕರಾರುವಾಕ್ಕಾಗಿ’ ಏಳನೇ ಸಲ ಬಂತು. ನಾನು ನಕ್ಕುಬಿಟ್ಟೆ. ತೀರ್ಪಿನಲ್ಲಿ, ಮಾಸ್ತರರಂಥ ಶಿಸ್ತಿನ ಸಾಕ್ಷಿ ಅಪರೂಪವೆಂದೂ, ನಾನು ಒಡಹುಟ್ಟಿದವನಷ್ಟೇ ಅಲ್ಲದೆ ಕಟಕಟೆಯಲ್ಲಿ ಹಲ್ಲು ಕಿರಿಯುವವನೆಂದೂ, ಆದ್ದರಿಂದ ನಂಬಲರ್ಹನಲ್ಲವೆಂದೂ ಬರೆಯಲಾಯಿತು. ಕುರ್ಚಿ ಯಾವ ಕಡೆಗೆ ಮುಖ ಮಾಡಿದೆ ಎಂದು ಯಾರೂ ಕೇಳಲಿಲ್ಲ. ತಪ್ಪೆಲ್ಲ ಅಕ್ಕನ ತಲೆಗೆ ಬಂತು. ಲೈಸೆನ್ಸ್ ಹೋಯಿತು, ಹಿಂದೆಯೇ ಕೆಲಸವೂ ಹೋಯಿತು.

ಮೇಲ್ಮನವಿಗೆ ಹೋದಾಗ ನಮ್ಮ ವಕೀಲರು ಅಕ್ಕನಿಗೆ, ಸಾಕ್ಷಿಯ ಮುಖ ನೋಡಿದ್ದು ಕೆಳಗಿನವರು ಕಣಮ್ಮ, ಮೇಲಿನವರಿಗೆ ಸಿಗೋದು ಬರೀ ಕಾಗದ, ಹಾಗಾಗಿ ಯಾರನ್ನು ನಂಬಬೇಕು ಅನ್ನೋದಕ್ಕೆ ಅವರು ಸುಲಭಕ್ಕೆ ಕೈ ಹಾಕಲ್ಲ, ಅಲ್ಲಾಡದ ಕಾಗದ ಒಂದು ಅಡ್ಡ ಬಂದರೆ ಮಾತ್ರ ಯಾವ ಮುಖವೂ ನಡೆಯಲ್ಲ ಎಂದರು. ಆ ಮುಖವನ್ನು ಅಷ್ಟು ನುಣುಪು ಮಾಡಿಕೊಟ್ಟವನೇ ನಾನಲ್ಲವೇನಯ್ಯಾ ಎಂದು ಅಪ್ಪ ಹಣೆ ಚಚ್ಚಿಕೊಂಡರು.

ಕಾಗದ ಸಿಕ್ಕಿತು, ಆಂಬುಲೆನ್ಸಿನವರ ಕರೆಗಳ ದಾಖಲೆ. ಆಂಬುಲೆನ್ಸಿಗೆ ನಮ್ಮ ಅಂಗಡಿಯಿಂದ ಕರೆ ಹೋದದ್ದು 6 ಗಂಟೆ 12 ನಿಮಿಷಕ್ಕೆ. ಐದು ಐವತ್ತೇ ನಿಜವಾದರೆ ಒಂಬತ್ತು ಅಂಗಡಿಗಳ ಎದುರು ಒಬ್ಬ ಹೆಂಗಸು ಇಪ್ಪತ್ತೆರಡು ನಿಮಿಷ ಹಾಗೇ ಬಿದ್ದಿದ್ದಳೇ ಎಂದು ಮೇಲಿನ ನ್ಯಾಯಾಧೀಶರು ಕೇಳಿದರು. ಸಾಕ್ಷಿ ಯಾವ ಕಡೆಗೆ ಮುಖ ಮಾಡಿ ಕೂತಿದ್ದರೆಂದೂ ಕೇಳಿ, ಅಂಗಡಿ ನೋಡಿ ಬರಲು ಆದೇಶಿಸಿದರು.

ಕುರ್ಚಿಯ ಮುಖ ಕನ್ನಡಿಗೆ, ಬೆನ್ನು ರಸ್ತೆಗೆ. ಗಡಿಯಾರವೂ ಬೆನ್ನ ಹಿಂದೆ, ಒಳಗಡೆ ಬಾಗಿಲಿನ ಮೇಲಿದೆ. ಅದಕ್ಕೆ ಅಂಕಿಗಳಿಲ್ಲ, ಬರೀ ಗೆರೆಗಳು. ನಾವು ದಿನವಿಡೀ ಕನ್ನಡಿಯಲ್ಲೇ ಹೊತ್ತು ನೋಡುವವರು. ತಿರುಗುಮುರುಗಾದದ್ದನ್ನು ಮನಸ್ಸಿನಲ್ಲೇ ನೆಟ್ಟಗೆ ಮಾಡಿಕೊಳ್ಳುವುದು ನಮಗೆ ರೂಢಿ. ಊರಿನವರಿಗೆಲ್ಲ ಅದು ಬರುವುದಿಲ್ಲವೆಂದು ಅಪ್ಪನಿಗಾಗಲಿ ನನಗಾಗಲಿ ಹೊಳೆಯಲೇ ಇಲ್ಲ. ಈ ದಡ್ಡತನ ಮಾತ್ರ ನಮ್ಮದೇ, ಒಪ್ಪುತ್ತೇನೆ.

ಇಂದು ಸಾಹೇಬರನ್ನು ಅದೇ ಕುರ್ಚಿಯಲ್ಲಿ ಕೂರಿಸಿ, ಕೊರಳಿಗೆ ಬಟ್ಟೆ ಸುತ್ತಿ, ಗಂಟೆ ಎಷ್ಟೆಂದು ವಿನಯದಿಂದ ಕೇಳಿದೆ. ಹನ್ನೆರಡು ಇಪ್ಪತ್ತು, ಕಣ್ಣು ಕಾಣಲ್ವೇನಯ್ಯಾ ಎಂದರು. ಈಗ ಹೋದ ಬೈಕು ಯಾವ ಕಡೆಯಿಂದ ಬಂತೆಂದು ಕೇಳಿದೆ. ಎಡದಿಂದ ಎಂದರು. ಪೇದೆಯವರು ಎರಡನ್ನೂ ಬರೆದುಕೊಂಡರು. ಆಮೇಲೆ ಸಾಹೇಬರು ಕೈಗಡಿಯಾರ ನೋಡಿಕೊಂಡರು. ಹನ್ನೊಂದು ನಲವತ್ತು. ಬೈಕಿನವನು ನಿಯಮದಂತೆ ಬಲದಿಂದಲೇ ಬಂದಿದ್ದ. ಆ ಎರಡು ಸಾಲು ಹೊಡೆದುಹಾಕು ಎಂದು ಸಾಹೇಬರು ಪೇದೆಗೆ ಹೇಳಿದರು. ಹೊಡೆದುಹಾಕಬಾರದೆಂದು ಕೈಮುಗಿದು ಕೋರುತ್ತೇನೆ. ನಮ್ಮ ಪ್ರಕರಣದಲ್ಲಿ ನಂಬಲರ್ಹವಾದದ್ದು ಆ ಎರಡೇ ಸಾಲು.

ಆಗ ಅಂಗಡಿಯಲ್ಲಿ ಗಟ್ಟಿಯಾಗಿ ನಕ್ಕವನು ನಾನಲ್ಲ. ಊರುಗೋಲು ಹಿಡಿದು ಬಾಗಿಲಲ್ಲಿ ನಿಂತಿದ್ದ ಅಕ್ಕ. ಹದಿನಾಲ್ಕು ತಿಂಗಳಲ್ಲಿ ಇದೇ ಮೊದಲು. ಇದನ್ನೂ ದಾಖಲಿಸಿಕೊಳ್ಳಿ.

ಮೇಲೆ ಹೇಳಿದ್ದೆಲ್ಲ ನಿಜ. ಓದಿಸಿ ಕೇಳಿದ್ದೇನೆ, ಒಂದು ಸಲವೂ ನಕ್ಕಿಲ್ಲ.

ಸ್ಥಳ: ಅದೇ ಕುರ್ಚಿಯ ಪಕ್ಕ
ದಿನಾಂಕ: ಇಂದು, ಕೈಗಡಿಯಾರದ ಪ್ರಕಾರ ಮಧ್ಯಾಹ್ನ 12 ಗಂಟೆ 5 ನಿಮಿಷ
ಸಹಿ: (ಕ್ಷೌರದಂಗಡಿಯವರ ಕಿರಿಯ ಮಗ)